ಮೂರು ಮೂಲ, ಒಂದು ಜ್ಞಾಪನಾ ಪತ್ರ

ಯಾವ ಸದಸ್ಯರ ಹತ್ತಿರ ಯಾವ ಪುಸ್ತಕ ಉಳಿದಿದೆ ಎಂಬುದು ಕೋಹಾ ಎಂಬ ಗ್ರಂಥಾಲಯ ನಿರ್ವಹಣಾ ತಂತ್ರಾಂಶದಲ್ಲಿದೆ. ಆ ಸದಸ್ಯರ ಪೂರ್ತಿ ವಿಳಾಸ, ಸೇರುವಾಗ ಕಟ್ಟಿದ ಠೇವಣಿ ಇವು ಫಾಕ್ಸ್‌ಪ್ರೊ ಎಂಬ ಹಳೆಯ ಡೇಟಾಬೇಸ್ ತಂತ್ರಾಂಶದ ಕಾಲದ ಕಡತದಲ್ಲಿವೆ. ಆ ಪುಸ್ತಕವನ್ನು ಗ್ರಂಥಾಲಯಕ್ಕೆ ದಾನ ಕೊಟ್ಟವರು ಯಾರು ಎಂಬುದು ಗ್ರಂಥಪಾಲಕಿಯವರ ಸ್ಪ್ರೆಡ್‌ಶೀಟಿನಲ್ಲಿದೆ. ನಮ್ಮೂರಿನ ಖಾಸಗಿ ಗ್ರಂಥಾಲಯದಲ್ಲಿ ಬಾಕಿ ಪುಸ್ತಕಗಳ ಜ್ಞಾಪನಾ ಪತ್ರ ಅಚ್ಚು ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಾಗ ಇದ್ದ ಸ್ಥಿತಿ ಇದು. ಕೋಹಾ ಹಾಕಿಸಿದ ವರ್ಷ ಸದಸ್ಯರ ಹೆಸರು ಮತ್ತು ಕಾರ್ಡ್ ಸಂಖ್ಯೆಯನ್ನು ಮಾತ್ರ ಅದಕ್ಕೆ ತುಂಬಿದ್ದರು. ಉಳಿದದ್ದನ್ನು ನಿಧಾನವಾಗಿ ತುಂಬಿದರಾಯಿತು ಎಂದುಕೊಂಡಿದ್ದರಂತೆ. ಆ ನಿಧಾನ ಇನ್ನೂ ಮುಗಿದಿರಲಿಲ್ಲ.

ದಾನಿಗಳ ಹೆಸರು ಪತ್ರದಲ್ಲಿ ಏಕೆ ಬೇಕು ಎಂದು ಕೇಳಿದೆ. ಕಾರ್ಯದರ್ಶಿಗಳು ನಿವೃತ್ತ ಶಾಲಾ ಮಾಸ್ತರರು, ಊರಿಗೆಲ್ಲ ಮೇಷ್ಟ್ರು. "ಇಂಥವರ ನೆನಪಿಗೆ ಅವರ ಮನೆಯವರು ಕೊಟ್ಟ ಪುಸ್ತಕ ಎಂದು ಬರೆದು ನೋಡಪ್ಪ, ವಾರದೊಳಗೆ ತಂದುಕೊಡುತ್ತಾರೆ. ಗ್ರಂಥಾಲಯದ ಪುಸ್ತಕ ಎಂದರೆ ಯಾರಿಗೂ ಅವಸರವಿಲ್ಲ" ಎಂದರು. ವಾದ ಮಾಡುವಂತಿರಲಿಲ್ಲ. ಹಾಗಾಗಿ ಮೂರೂ ಮೂಲಗಳು ಒಂದೇ ಪತ್ರದಲ್ಲಿ ಸೇರಲೇಬೇಕಾಯಿತು.

ಇಂಥ ಕೆಲಸಕ್ಕೆ ಎಲ್ಲರೂ ಮೊದಲು ಹಿಡಿಯುವ ದಾರಿ ನಕಲು. ಮೂರೂ ಕಡೆಯಿಂದ ಮಾಹಿತಿಯನ್ನು ಹೊರತೆಗೆದು ಒಂದೇ ಹಾಳೆಗೆ ಅಂಟಿಸುವುದು. ಒಂದು ಬಾರಿಗೆ ಅದು ನಡೆಯುತ್ತದೆ. ಆದರೆ ಪತ್ರ ತಿಂಗಳಿಗೊಮ್ಮೆ ಹೋಗಬೇಕು, ಈ ನಡುವೆ ಪುಸ್ತಕಗಳು ಬರುತ್ತಿರುತ್ತವೆ, ಹೋಗುತ್ತಿರುತ್ತವೆ. ನಕಲು ಮಾಡಿದ ಹಾಳೆ ಮರುದಿನವೇ ಹಳತು. ನಿನ್ನೆ ಪುಸ್ತಕ ಹಿಂದಿರುಗಿಸಿದವರಿಗೆ ಇಂದು ಜ್ಞಾಪನಾ ಪತ್ರ ತಲುಪಿದರೆ ಅವರು ಮೇಷ್ಟ್ರ ಮನೆಯ ಬಾಗಿಲಿಗೇ ಬರುತ್ತಾರೆ. ಆದ್ದರಿಂದ ಮಾಹಿತಿಯನ್ನು ಎತ್ತಿ ತರುವ ಬದಲು, ಅದು ಇದ್ದಲ್ಲಿಯೇ ಇರಲಿ, ನಾವು ಬೇಕಾದಾಗ ಹೋಗಿ ಓದೋಣ ಎಂದು ತೀರ್ಮಾನಿಸಿದೆ.

ಗ್ರಂಥಾಲಯದ ವಿಂಡೋಸ್ ಕಂಪ್ಯೂಟರಿನಲ್ಲಿ ಲಿಬ್ರೆ ಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶ ಮೊದಲೇ ಇತ್ತು. ಅದರಲ್ಲಿ ಡೇಟಾಬೇಸಿಗೆಂದೇ ಇರುವ ಬೇಸ್ ಎಂಬ ಭಾಗವನ್ನು ಹೆಚ್ಚಿನವರು ತೆರೆದೂ ನೋಡಿರುವುದಿಲ್ಲ. 2005ರಲ್ಲಿ ಓಪನ್ ಆಫೀಸ್‌ನ ಎರಡನೆಯ ಆವೃತ್ತಿಯೊಂದಿಗೆ ಬಂದದ್ದು, ಅಲ್ಲಿಂದ ಲಿಬ್ರೆ ಆಫೀಸಿಗೆ ಇಳಿದುಬಂದಿದೆ. ಬೇಸ್ ತೆರೆದ ಕೂಡಲೇ ಹೊಸ ಡೇಟಾಬೇಸ್ ಮಾಡಬೇಕೋ, ಈಗಾಗಲೇ ಇರುವ ಡೇಟಾಬೇಸಿಗೆ ಸಂಪರ್ಕಿಸಬೇಕೋ ಎಂದು ಕೇಳುತ್ತದೆ. ಎರಡನೆಯದನ್ನು ಒತ್ತಿದರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ: ಡಿಬೇಸ್, ಸ್ಪ್ರೆಡ್‌ಶೀಟ್, ಪಠ್ಯ ಕಡತ, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಬೇರೆ ಡೇಟಾಬೇಸುಗಳಿಗೆ ಸೇತುವೆಯಾಗುವ ಓಡಿಬಿಸಿ, ಜೆಡಿಬಿಸಿ ಹೀಗೆ. ಸಂಪರ್ಕ ಮಾಡಿ ಉಳಿಸಿದಾಗ ಸಿಗುವ ಕಡತದಲ್ಲಿ ಮಾಹಿತಿಯ ಒಂದು ಸಾಲೂ ಇರುವುದಿಲ್ಲ. ಎಲ್ಲಿಗೆ ಹೋಗಬೇಕು, ಹೇಗೆ ಹೋಗಬೇಕು ಎಂಬ ವಿಳಾಸ, ಜೊತೆಗೆ ನಾವು ಬರೆದಿಟ್ಟ ಕ್ವೆರಿ (ಬೇಕಾದ ಮಾಹಿತಿಯನ್ನು ಕೇಳುವ ಪ್ರಶ್ನೆ) ಮತ್ತು ಫಾರ್ಮ್‌ಗಳು, ಇಷ್ಟೇ. ಇದನ್ನು ಮೇಷ್ಟ್ರಿಗೆ ಬಿಡಿಸಿ ಹೇಳಲು ಬಹಳ ಹೊತ್ತು ಹಿಡಿಯಿತು. ಅವರು ಆ ಪುಟ್ಟ ಕಡತವನ್ನು ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ದು, ತೆರೆದರೆ ಏನೂ ಇಲ್ಲವೆಂದು ಗಾಬರಿಯಾಗಿ ಫೋನ್ ಮಾಡಿದ್ದರು.

ಸ್ಪ್ರೆಡ್‌ಶೀಟಿನಿಂದ ಆರಂಭಿಸಿದೆ. ಕಡತ ಎಲ್ಲಿದೆ ಎಂದು ತೋರಿಸಿದರೆ ಮುಗಿಯಿತು. ಒಂದೊಂದು ಹಾಳೆಯೂ ಒಂದೊಂದು ಟೇಬಲ್ ಆಗಿ ಕಾಣಿಸುತ್ತದೆ, ಮೊದಲ ಸಾಲು ಅಂಕಣಗಳ ಹೆಸರಾಗುತ್ತದೆ. ಓದಬಹುದು, ಬರೆಯುವಂತಿಲ್ಲ. ನನಗೂ ಅಷ್ಟೇ ಬೇಕಿತ್ತು. ಟೇಬಲ್ ತೆರೆದಾಗ ದಾಖಲಾತಿ ಸಂಖ್ಯೆಯ ಅಂಕಣದಲ್ಲಿ ಮೇಲಿನ ಸಾಲುಗಳಲ್ಲಿ ಅಂಕಿಗಳಿದ್ದವು, ಕೆಳಗೆ ಹೋಗುತ್ತಿದ್ದಂತೆ ಬರೀ ಖಾಲಿ. ಪುಸ್ತಕದ ಹೆಸರಿದೆ, ದಾನಿಯ ಹೆಸರಿದೆ, ಸಂಖ್ಯೆ ಮಾತ್ರ ಇಲ್ಲ. ಅದೇ ಹಾಳೆಯನ್ನು ಲಿಬ್ರೆ ಆಫೀಸಿನ ಸ್ಪ್ರೆಡ್‌ಶೀಟ್ ಭಾಗವಾದ ಕ್ಯಾಲ್ಕ್‌ನಲ್ಲಿ ತೆರೆದರೆ ಎಲ್ಲವೂ ಜಾಗದಲ್ಲಿಯೇ ಇವೆ.

ಕಾರಣ ಹಾಳೆಯಲ್ಲಿಯೇ ಇತ್ತು. ಮೊದಮೊದಲು ಬಂದ ಪುಸ್ತಕಗಳಿಗೆ ಬರೀ ಅಂಕಿಯ ಸಂಖ್ಯೆ ಕೊಟ್ಟಿದ್ದರು. ಆಮೇಲೆ ದಾನದ ಪುಸ್ತಕ ಬೇರೆಯಾಗಿ ಗೊತ್ತಾಗಲಿ ಎಂದು "ದ-118" ಎನ್ನುವಂತೆ ಮುಂದೆ ಒಂದು ಅಕ್ಷರ ಸೇರಿಸಿದ್ದರು. ಸ್ಪ್ರೆಡ್‌ಶೀಟಿಗೆ ಅಂಕಣದ ಜಾತಿ ಎಂಬುದಿಲ್ಲ, ಪ್ರತಿ ಚೌಕವೂ ತನ್ನಿಷ್ಟದಂತೆ ಇರಬಹುದು. ಡೇಟಾಬೇಸಿಗೆ ಅದು ಆಗದು. ಹೀಗಾಗಿ ಬೇಸ್ ಆರಂಭದ ಮಾಹಿತಿ ಸಾಲನ್ನು ನೋಡಿ ಇದು ಅಂಕಿಯ ಅಂಕಣ ಎಂದು ತೀರ್ಮಾನಿಸಿ, ಅಂಕಿಯಲ್ಲದ್ದನ್ನೆಲ್ಲ ಖಾಲಿ ಎಂದು ತೋರಿಸುತ್ತದೆ. ತಪ್ಪಿನ ಸಂದೇಶವೂ ಬರುವುದಿಲ್ಲ. ಇದು ನನಗೆ ಕೊನೆಯವರೆಗೂ ಹಿಡಿಸದ ವಿಷಯ. ಅಂಕಣದ ಫಾರ್ಮ್ಯಾಟನ್ನು ಪಠ್ಯ ಎಂದು ಬದಲಿಸಿದರೆ ಸಾಲದು, ಈಗಾಗಲೇ ಬರೆದಿರುವ ಅಂಕಿಗಳು ಅಂಕಿಗಳಾಗಿಯೇ ಉಳಿಯುತ್ತವೆ. ಡೇಟಾ ಮೆನುವಿನಲ್ಲಿರುವ, ಪಠ್ಯವನ್ನು ಅಂಕಣಗಳಾಗಿ ಒಡೆಯುವ ಸೌಲಭ್ಯಕ್ಕೆ ಹೋಗಿ, ಇಡೀ ಅಂಕಣವನ್ನು ಆಯ್ದು, ಜಾತಿ ಪಠ್ಯ ಎಂದು ಕೊಟ್ಟರೆ ಸರಿಹೋಗುತ್ತದೆ. ಹಾಗೆ ಮಾಡಿ ಉಳಿಸಿದ ಮೇಲೆ ಬೇಸ್ ಮುಚ್ಚಿ ಮತ್ತೆ ತೆರೆದೆ. "ದ" ಸಾಲುಗಳೆಲ್ಲ ಬಂದು ಕುಳಿತಿದ್ದವು.

ಫಾಕ್ಸ್‌ಪ್ರೊ ಕಡತದ ಕಥೆ ಉದ್ದ. ಫಾಕ್ಸ್‌ಪ್ರೊ ತಂತ್ರಾಂಶದ ಕೊನೆಯ ಆವೃತ್ತಿ 2004ರದು, ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2015ರಲ್ಲಿ ನಿಂತಿತು. ಆದರೆ ಅದು ಬಳಸುವ ಡಿಬಿಎಫ್ ಎಂಬ ಕಡತದ ರೂಪ ಎಂಬತ್ತರ ದಶಕದ ಡಿಬೇಸ್‌ನಿಂದ ಬಂದದ್ದು, ಅಂಥದ್ದನ್ನು ಇಂದಿಗೂ ಯಾರು ಬೇಕಾದರೂ ಓದಬಹುದು. ಬೇಸ್‌ಗೆ ಕಡತವನ್ನಲ್ಲ, ಫೋಲ್ಡರನ್ನು ತೋರಿಸಬೇಕು. ಅದರೊಳಗಿನ ಒಂದೊಂದು ಡಿಬಿಎಫ್ ಕಡತವೂ ಒಂದೊಂದು ಟೇಬಲ್. ಅಂಕಣಗಳ ಹೆಸರು ಹತ್ತು ಅಕ್ಷರ ಮೀರುವಂತಿಲ್ಲ ಎಂಬ ಹಳೆಯ ಕಟ್ಟಳೆಯಿಂದಾಗಿ ಎಲ್ಲ ಹೆಸರುಗಳೂ ಮೊಟಕಾಗಿದ್ದವು. ಯಾವುದು ಠೇವಣಿ, ಯಾವುದು ವಾರ್ಷಿಕ ಶುಲ್ಕ ಎಂದು ಗ್ರಂಥಪಾಲಕಿಯವರೇ ಹೇಳಬೇಕಾಯಿತು.

ಈ ಸಂಪರ್ಕದ ಸೆಟ್ಟಿಂಗಿನಲ್ಲಿ, ಅಳಿಸಿದ ದಾಖಲೆಗಳನ್ನೂ ತೋರಿಸು ಎಂಬ ಆಯ್ಕೆ ಒಂದಿದೆ. ಕುತೂಹಲಕ್ಕೆ ಅದಕ್ಕೆ ಗುರುತು ಹಾಕಿದೆ. ಡಿಬಿಎಫ್‌ನಲ್ಲಿ ಒಂದು ಸಾಲನ್ನು ಅಳಿಸಿದರೆ ಅದು ಹೋಗುವುದಿಲ್ಲ. ಆ ಸಾಲಿನ ಮೊಟ್ಟಮೊದಲ ಬೈಟಿನಲ್ಲಿದ್ದ ಖಾಲಿ ಜಾಗಕ್ಕೆ ಒಂದು ನಕ್ಷತ್ರದ ಚಿಹ್ನೆ ಬಂದು ಕೂರುತ್ತದೆ, ಅಷ್ಟೇ. ಪ್ಯಾಕ್ ಎಂಬ ಆಜ್ಞೆ ಕೊಟ್ಟಾಗ ಮಾತ್ರ ಆ ಸಾಲುಗಳು ನಿಜವಾಗಿ ಹೊರಹೋಗುತ್ತವೆ. ಈ ಕಡತಕ್ಕೆ ಆ ಆಜ್ಞೆಯನ್ನು ಯಾರೂ ಕೊಟ್ಟಿರಲಿಲ್ಲ. ಪಟ್ಟಿ ಒಮ್ಮೆಗೇ ಉದ್ದವಾಯಿತು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಓದತೊಡಗಿದರು. ವರ್ಗವಾಗಿ ಹೋದ ಅಂಚೆಯವರು, ಮದುವೆಯಾಗಿ ಬೇರೆ ಊರು ಸೇರಿದವರು, ತೀರಿಕೊಂಡವರು. "ಇವರ ಠೇವಣಿ ನಾವು ವಾಪಸು ಕೊಟ್ಟೆವೇನಪ್ಪ?" ಎಂದು ಒಂದು ಹೆಸರಿನ ಹತ್ತಿರ ನಿಂತರು. ಕೊಟ್ಟಿದ್ದರು ಎಂದು ಗ್ರಂಥಪಾಲಕಿಯವರು ರಸೀದಿ ಪುಸ್ತಕ ತೆಗೆದು ತೋರಿಸಿದ ಮೇಲೆಯೇ ಕೆಲಸ ಮುಂದುವರಿದದ್ದು. ಆಮೇಲೆ ಆ ಗುರುತನ್ನು ತೆಗೆದುಹಾಕಿದೆ.

ಹೆಸರುಗಳನ್ನು ಅವರು ಓದಲು ಸಾಧ್ಯವಾದದ್ದೂ ಸುಮ್ಮನೆ ಅಲ್ಲ. ಕಡತ ಮೊದಲು ತೆರೆದಾಗ ಕಂಡದ್ದು ತಲೆಯ ಮೇಲೆ ಚುಕ್ಕಿ, ಗೀಟು ಹೊತ್ತ ಯುರೋಪಿನ ಅಕ್ಷರಗಳ ರಾಶಿ. ಮಾಹಿತಿಯನ್ನು ತುಂಬಿದ್ದು ನುಡಿಯ ಹಳೆಯ ಫಾಂಟಿನಲ್ಲಿ, ಎಲ್ಲ ಕಡೆ ಒಂದೇ ರೀತಿ ಓದಬಹುದಾದ ಯುನಿಕೋಡಿನಲ್ಲಿ ಅಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ಆ ಕಾಲದಲ್ಲಿ ಕನ್ನಡದ ಕಚೇರಿಗಳಿಗೆಲ್ಲ ಆಧಾರವಾಗಿತ್ತು. ಅದನ್ನು ಬೈಯುವುದು ನ್ಯಾಯವಲ್ಲ. ಆದರೆ ಆ ಫಾಂಟುಗಳಲ್ಲಿ ಉಳಿಯುವುದು ಅಕ್ಷರವಲ್ಲ, ಅಕ್ಷರದ ತುಂಡುಗಳ ಚಿತ್ರ. ಸಂಪರ್ಕದ ಅಕ್ಷರ ಗಣವನ್ನು, ಅಂದರೆ ಯಾವ ಬೈಟಿಗೆ ಯಾವ ಅಕ್ಷರ ಎಂಬ ಪಟ್ಟಿಯನ್ನು, ಪಶ್ಚಿಮ ಯುರೋಪಿನ ವಿಂಡೋಸ್ ಗಣ ಎಂದು ಆಯ್ದು, ಟೇಬಲ್ ತೋರಿಸುವ ಫಾಂಟನ್ನು ನುಡಿಗೆ ಬದಲಿಸಿದರೆ ಕಣ್ಣಿಗೆ ಕನ್ನಡ ಕಾಣುತ್ತದೆ. ಗಣ ತಪ್ಪಿ ಡಾಸ್ ಕಾಲದ್ದನ್ನು ಆಯ್ದರೆ ಬೈಟುಗಳು ಬೇರೆ ಚಿಹ್ನೆಗಳಾಗಿ ತಿರುಗಿ ನುಡಿ ಫಾಂಟೂ ಕೈಚೆಲ್ಲುತ್ತದೆ.

ಕಣ್ಣಿಗೆ ಕಂಡರೆ ಸಾಲದು, ಕೋಹಾದ ಯುನಿಕೋಡ್ ಕನ್ನಡದ ಪಕ್ಕದಲ್ಲಿ ಅದೇ ಪತ್ರದಲ್ಲಿ ಅಚ್ಚಾಗಬೇಕು. ಹಾಗಾಗಿ ಈ ಮೂಲಕ್ಕೆ ನಕಲು ಅನಿವಾರ್ಯವಾಯಿತು. ಹೇಗೂ ಅದು ಬದಲಾಗುವ ಕಡತವಲ್ಲ, ಕೋಹಾ ಬಂದ ದಿನದಿಂದ ಅದಕ್ಕೆ ಯಾರೂ ಏನೂ ಸೇರಿಸಿಲ್ಲ. ಅದನ್ನು ಪಠ್ಯವಾಗಿ ಹೊರತೆಗೆದು, ನುಡಿಯಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಕೊಟ್ಟೆ. ಒಳ್ಳೆಯ ಪರಿವರ್ತಕ ಮಾಡುವ ಕೆಲಸ ಬರೀ ಒಂದಕ್ಕೆ ಒಂದು ಬದಲಿಸುವುದಲ್ಲ. "ಧರ್ಮಪ್ಪ" ಎಂಬ ಹೆಸರನ್ನೇ ನೋಡಿ. ನುಡಿಯ ಹಳೆಯ ಕ್ರಮದಲ್ಲಿ ಅರ್ಕಾವತ್ತಿನ ಚಿತ್ರ ಬರೆಯುವಂತೆಯೇ ಮಕಾರದ ನಂತರ ಕುಳಿತಿರುತ್ತದೆ. ಯುನಿಕೋಡಿನಲ್ಲಿ ಉಚ್ಚರಿಸುವಂತೆ ರಕಾರ ಮೊದಲು, ಆಮೇಲೆ ಮಕಾರ. ಪರಿವರ್ತಕ ಹಿಂದೆ ಹೋಗಿ ಅದನ್ನು ಎತ್ತಿ ಮುಂದಿಡಬೇಕು. ಫಲಿತಾಂಶವನ್ನು ಪರೀಕ್ಷಿಸುವವರು ಅರ್ಕಾವತ್ತಿರುವ ಹೆಸರುಗಳನ್ನು ಮೊದಲು ನೋಡುವುದು ಒಳ್ಳೆಯದು. ಗೋಲಮಾಲು ಇದ್ದರೆ ಅಲ್ಲಿಯೇ ಇರುತ್ತದೆ. ನಮ್ಮ ಊರಿನಲ್ಲಿ ತೀರ್ಥಪ್ಪ, ಸೂರ್ಯನಾರಾಯಣರಿಗೆ ಕೊರತೆಯಿಲ್ಲದ ಕಾರಣ ಪರೀಕ್ಷೆ ಬೇಗ ಮುಗಿಯಿತು.

ಈ ಹಂತದಲ್ಲಿ ಇನ್ನೊಂದು ಸಂಗತಿ ಗೊತ್ತಿರಬೇಕು. ಸ್ಪ್ರೆಡ್‌ಶೀಟ್, ಡಿಬೇಸ್, ಪಠ್ಯ ಕಡತ ಈ ಮೂರೂ ಬಗೆಯ ಸಂಪರ್ಕಗಳ ಹಿಂದೆ ನಿಜವಾದ ಡೇಟಾಬೇಸ್ ಎಂಜಿನ್ ಇರುವುದಿಲ್ಲ. ಅಲ್ಲಿ ಒಂದು ಕ್ವೆರಿಯಲ್ಲಿ ಒಂದೇ ಟೇಬಲ್. ಎರಡು ಹಾಳೆಗಳನ್ನು ಜೋಡಿಸಲು ಹೋದರೆ, ಕ್ವೆರಿಯಲ್ಲಿ ಒಂದಕ್ಕಿಂತ ಹೆಚ್ಚು ಟೇಬಲ್ ಇರುವುದರಿಂದ ನಡೆಸಲಾಗದು ಎಂಬ ಉತ್ತರ ಬರುತ್ತದೆ. ಇನ್ನು ಎರಡು ಬೇರೆ ಬೇರೆ ಸಂಪರ್ಕಗಳ ಟೇಬಲ್‌ಗಳನ್ನು ಒಂದೇ ಕ್ವೆರಿಯಲ್ಲಿ ಸೇರಿಸುವ ಮಾತೇ ಇಲ್ಲ. ಮೈಕ್ರೋಸಾಫ್ಟ್ ಆ್ಯಕ್ಸೆಸ್‌ನವರು ಇಲ್ಲಿ ಮೀಸೆ ತಿರುವಬಹುದು. ಅದರಲ್ಲಿ ಹೊರಗಿನ ಟೇಬಲ್‌ಗಳನ್ನು ಲಿಂಕ್ ಮಾಡಿದರೆ ಎಲ್ಲಿಂದ ಬಂದವಾದರೂ ಒಂದೇ ಕ್ವೆರಿಯಲ್ಲಿ ಕೂರುತ್ತವೆ. ಆ್ಯಕ್ಸೆಸ್ ಕೊಳ್ಳುವ ಹಣ ಗ್ರಂಥಾಲಯದಲ್ಲಿರಲಿಲ್ಲ. ಇದ್ದಿದ್ದರೂ ಮೇಷ್ಟ್ರು ಅದಕ್ಕೆ ಪುಸ್ತಕ ಕೊಳ್ಳುತ್ತಿದ್ದರು.

ಕೋಹಾ ಇರುವ ಲಿನಕ್ಸ್ ಕಂಪ್ಯೂಟರಿನಲ್ಲಿ ಅದರ ಮಾಹಿತಿಯನ್ನೆಲ್ಲ ಇಟ್ಟುಕೊಳ್ಳುವ ಮೈಎಸ್‌ಕ್ಯೂಎಲ್ ಇದೆಯಲ್ಲ, ಅದು ಸಾಕ್ಷಾತ್ ಎಂಜಿನ್. ಅದರಲ್ಲಿಯೇ ಕೋಹಾಕ್ಕೆ ಸಂಬಂಧವಿಲ್ಲದ ಬೇರೊಂದು ಡೇಟಾಬೇಸ್ ಮಾಡಿ ಹಳೆಯ ಸದಸ್ಯರ ಪಟ್ಟಿಯನ್ನು ಅಲ್ಲಿಗೆ ತುಂಬಿದೆ. ದಾನಿಗಳ ಹಾಳೆಯನ್ನೂ ಪತ್ರ ಅಚ್ಚು ಮಾಡುವ ಮುನ್ನ ಅಲ್ಲಿಗೇ ತಳ್ಳುವ ಏರ್ಪಾಡು ಮಾಡಿದೆ. ಅದು ತಿಂಗಳಿಗೆ ಹತ್ತಿಪ್ಪತ್ತು ಸಾಲು ಬೆಳೆಯುವ ಹಾಳೆ, ಅಷ್ಟು ಹಳತಾದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಕ್ಷಣಕ್ಷಣಕ್ಕೂ ಬದಲಾಗುವ ಕೋಹಾದ ಮಾಹಿತಿಯನ್ನು ಮಾತ್ರ ಇದ್ದಲ್ಲಿಯೇ ಓದುವುದು.

ಕೋಹಾದ ಡೇಟಾಬೇಸ್ ಗುಪ್ತಪದ ಅದರ ಸಂರಚನಾ ಕಡತದಲ್ಲಿಯೇ ಬರೆದಿರುತ್ತದೆ. ಅದನ್ನೇ ಬೇಸ್‌ಗೆ ಕೊಟ್ಟರೆ ಕೆಲಸ ಸುಲಭ, ಅಪಾಯವೂ ಅಷ್ಟೇ ಸುಲಭ. ಆ ಬಳಕೆದಾರನಿಗೆ ಏನನ್ನು ಬೇಕಾದರೂ ಅಳಿಸುವ ಅಧಿಕಾರವಿದೆ. ಅದರ ಬದಲು ಓದುವ ಅನುಮತಿ ಮಾತ್ರ ಇರುವ ಹೊಸ ಬಳಕೆದಾರನನ್ನು ಮಾಡಿ, ಗ್ರಂಥಾಲಯದೊಳಗಿನ ಕಂಪ್ಯೂಟರುಗಳಿಂದ ಬಂದರೆ ಮಾತ್ರ ಒಳಗೆ ಬಿಡು ಎಂದು ಕಟ್ಟು ಹಾಕಿದೆ. ಉಬುಂಟು ಲಿನಕ್ಸ್‌ನಲ್ಲಿ ಮೈಎಸ್‌ಕ್ಯೂಎಲ್ ತನ್ನದೇ ಕಂಪ್ಯೂಟರಿನಿಂದ ಬಂದ ಕರೆಗಳಿಗೆ ಮಾತ್ರ ಓಗೊಡುವಂತೆ ಇರುತ್ತದೆ. ಆ ಸೆಟ್ಟಿಂಗ್ ಬದಲಿಸಿ, 3306ನೆಯ ಪೋರ್ಟನ್ನು ಒಳಗಿನ ಜಾಲಕ್ಕಷ್ಟೇ ತೆರೆದೆ.

ಇನ್ನು ಸೇತುವೆಯ ಆಯ್ಕೆ. ಬೇಸ್ ಮೂರು ದಾರಿ ತೋರಿಸುತ್ತದೆ: ನೇರ ಸಂಪರ್ಕ, ಓಡಿಬಿಸಿ, ಜೆಡಿಬಿಸಿ. ನೇರ ಸಂಪರ್ಕಕ್ಕೆ ಏನೂ ಹಾಕಿಕೊಳ್ಳಬೇಕಿಲ್ಲ ಎಂದು ಅದನ್ನೇ ಒತ್ತಿದೆ. ಮೈಎಸ್‌ಕ್ಯೂಎಲ್ ಎಂಟನೆಯ ಆವೃತ್ತಿಯಿಂದ ಗುಪ್ತಪದ ಪರಿಶೀಲಿಸುವ ವಿಧಾನ ಬದಲಾಗಿದೆ, ನೇರ ಸಂಪರ್ಕದ ತುಣುಕಿಗೆ ಆ ಹೊಸ ವಿಧಾನದ ಪ್ಲಗಿನ್ ಸಿಗಲಿಲ್ಲ. ಬಳಕೆದಾರನನ್ನು ಹಳೆಯ ವಿಧಾನಕ್ಕೆ ಇಳಿಸಿದರೆ ನಡೆಯುತ್ತದೆ ಎಂಬ ಸಲಹೆ ಎಲ್ಲೆಡೆ ಇದೆ. ಆದರೆ ಆ ಹಳೆಯ ವಿಧಾನವನ್ನು ಮೈಎಸ್‌ಕ್ಯೂಎಲ್‌ನವರೇ ಕೈಬಿಡುತ್ತಿದ್ದರು, 2024ರ 9.0 ಆವೃತ್ತಿಯಲ್ಲಿ ತೆಗೆದೇಬಿಟ್ಟರು. ಇಂದು ಉಪಾಯ ಎನಿಸಿದ್ದು ಮುಂದಿನ ನವೀಕರಣದಲ್ಲಿ ಮುರಿಯುತ್ತದೆ ಎಂದು ಅದನ್ನು ಬಿಟ್ಟೆ.

ಓಡಿಬಿಸಿಯ ಹತ್ತಿರ ಹೋಗುವವರಿಗೆ ಒಂದು ಮಾತು. ವಿಂಡೋಸ್‌ನಲ್ಲಿ ಓಡಿಬಿಸಿ ನಿರ್ವಹಣೆಯ ತಂತ್ರಾಂಶ ಎರಡಿವೆ, ಒಂದು 32 ಬಿಟ್ಟಿನದು, ಒಂದು 64 ಬಿಟ್ಟಿನದು. ಎರಡರ ಕಡತದ ಹೆಸರಿನಲ್ಲೂ 32 ಎಂದೇ ಇದೆ. 64 ಬಿಟ್ಟಿನದು ಸಿಸ್ಟಮ್32 ಎಂಬ ಫೋಲ್ಡರಿನಲ್ಲಿರುತ್ತದೆ, 32 ಬಿಟ್ಟಿನದು ಸಿಸ್‌ವಾವ್64 ಎಂಬುದರಲ್ಲಿ. ಹಳೆಯ ತಂತ್ರಾಂಶಗಳು ಮುರಿಯದಿರಲಿ ಎಂದು ಹೆಸರು ಹಾಗೆಯೇ ಉಳಿಸಿಕೊಂಡರಂತೆ. ಡ್ರೈವರ್ ಒಂದು ಬಿಟ್ಟಿನದು, ತಂತ್ರಾಂಶ ಇನ್ನೊಂದು ಬಿಟ್ಟಿನದು ಆದರೆ ಎರಡರ ವಿನ್ಯಾಸ ಹೊಂದುತ್ತಿಲ್ಲ ಎಂಬ ಸಂದೇಶ ಬರುತ್ತದೆ. ನನ್ನ ಕಚೇರಿಯಲ್ಲಿ ಇದನ್ನು ಬೇಕಾದಷ್ಟು ಸಲ ನೋಡಿದ್ದರಿಂದ ಗ್ರಂಥಾಲಯದಲ್ಲಿ ಜೆಡಿಬಿಸಿ ಹಿಡಿದೆ.

ಜೆಡಿಬಿಸಿಗೆ ಜಾವಾ ಬೇಕು, ಲಿಬ್ರೆ ಆಫೀಸ್ 64 ಬಿಟ್ಟಿನದಾದರೆ ಜಾವಾ ಕೂಡ ಅದೇ ಆಗಿರಬೇಕು. ಮೈಎಸ್‌ಕ್ಯೂಎಲ್‌ನ ಜೆಡಿಬಿಸಿ ಡ್ರೈವರಾದ ಕನೆಕ್ಟರಿನ ಜಾರ್ ಕಡತ ಎಲ್ಲಿದೆ ಎಂದು ಲಿಬ್ರೆ ಆಫೀಸಿನ ಆಯ್ಕೆಗಳ ಸುಧಾರಿತ ವಿಭಾಗದಲ್ಲಿ ಕ್ಲಾಸ್ ಪಾತ್ ಎಂಬಲ್ಲಿ ಸೇರಿಸಿ, ಲಿಬ್ರೆ ಆಫೀಸನ್ನು ಪೂರ್ತಿ ಮುಚ್ಚಿ ತೆರೆಯಬೇಕು. ಡ್ರೈವರ್ ಸಿಕ್ಕಿತು ಎಂಬ ಸಂದೇಶ ಬಂತು. ಸಂಪರ್ಕ ಪರೀಕ್ಷಿಸಿದೆ. ಸರ್ವರಿನ ಸಮಯವಲಯ "ಐಎಸ್‌ಟಿ" ಎಂದಿದೆ, ಅದು ಗುರುತಿಗೆ ಬರುತ್ತಿಲ್ಲ ಅಥವಾ ಒಂದಕ್ಕಿಂತ ಹೆಚ್ಚು ವಲಯಗಳಿಗೆ ಹೊಂದುತ್ತದೆ ಎಂಬ ದೂರು ಬಂತು. ನಗುವಂತಾಯಿತು. ನಮಗೆ ಐಎಸ್‌ಟಿ ಎಂದರೆ ಒಂದೇ. ಇಸ್ರೇಲಿನವರೂ ಐರ್ಲೆಂಡಿನವರೂ ತಮ್ಮ ಸಮಯಕ್ಕೆ ಅದೇ ಮೂರಕ್ಷರ ಬಳಸುತ್ತಾರೆ. ಇದು ಕನೆಕ್ಟರಿನ 8.0 ಸರಣಿಯ ಮೊದಲ ಬಿಡುಗಡೆಗಳ ಸ್ವಭಾವ. ಗ್ರಂಥಾಲಯದ ಕಂಪ್ಯೂಟರಿನಲ್ಲಿದ್ದದ್ದು ಅಂಥದ್ದೇ.

ಡೇಟಾಬೇಸ್ ಹೆಸರಿನ ನಂತರ ಪ್ರಶ್ನಾರ್ಥಕ ಚಿಹ್ನೆ ಹಾಕಿ ಸಮಯವಲಯ ಬರೆದರೆ ದೂರು ನಿಲ್ಲುತ್ತದೆ. ಹಲವರು ಅಲ್ಲಿ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ಬರೆಯಲು ಹೇಳುತ್ತಾರೆ. ಸಂಪರ್ಕವೇನೋ ಆಗುತ್ತದೆ. ಆದರೆ ಕೋಹಾ ಪುಸ್ತಕ ಹಿಂದಿರುಗಿಸಬೇಕಾದ ದಿನಾಂಕದ ಜೊತೆಗೆ ರಾತ್ರಿ 23:59 ಎಂಬ ಗಂಟೆಯನ್ನೂ ಇಟ್ಟಿರುತ್ತದೆ. ಅದನ್ನು ಯುಟಿಸಿ ಎಂದು ಓದಿ ನಮ್ಮ ಸಮಯಕ್ಕೆ ಬದಲಿಸಿದರೆ ಐದೂವರೆ ಗಂಟೆ ಕೂಡಿ ಮರುದಿನ ಬೆಳಗಿನ 5:29 ಆಗುತ್ತದೆ. ಹದಿನಾಲ್ಕರಂದು ಕೊಡಬೇಕಾದ ಪುಸ್ತಕ ಪತ್ರದಲ್ಲಿ ಹದಿನೈದಕ್ಕೆ ಎಂದು ಅಚ್ಚಾಗುತ್ತದೆ, ದಂಡದ ಲೆಕ್ಕ ಕೌಂಟರಿನದಕ್ಕೆ ಹೊಂದುವುದಿಲ್ಲ. ಏಷ್ಯಾ, ಓರೆಗೀಟು, ಕೋಲ್ಕತಾ ಎಂದು ಇಂಗ್ಲಿಷಿನಲ್ಲಿ ಬರೆದೆ. ಪರದೆಯ ಮೇಲೆ 23:59 ಕಂಡ ಮೇಲೆಯೇ ಮುಂದಿನ ಹೆಜ್ಜೆ.

ಕೋಹಾದ ಟೇಬಲ್‌ಗಳ ಹೆಸರು ಓದಿದರೆ ಅರ್ಥವಾಗುವಂತಿವೆ: ಬಾರೋವರ್ಸ್‌ನಲ್ಲಿ ಸದಸ್ಯರು, ಇಶ್ಯೂಸ್‌ನಲ್ಲಿ ಹೊರಗಿರುವ ಪುಸ್ತಕಗಳು, ಐಟಮ್ಸ್‌ನಲ್ಲಿ ಪ್ರತಿಗಳು, ಬಿಬ್ಲಿಯೋದಲ್ಲಿ ಶೀರ್ಷಿಕೆಗಳು. ಹಿಂದಿರುಗಿಸಿದ ಪುಸ್ತಕ ಇಶ್ಯೂಸ್‌ನಿಂದ ತೆಗೆದು ಬೇರೆ ಟೇಬಲಿಗೆ ಹೋಗುತ್ತದೆ, ಆದ್ದರಿಂದ ಇಶ್ಯೂಸ್‌ನಲ್ಲಿ ದಿನಾಂಕ ಮೀರಿದ್ದೆಲ್ಲ ಬಾಕಿಯೇ. ಹಳೆಯ ಪಟ್ಟಿಯೊಂದಿಗೆ ಜೋಡಿಸಲು ಹೆಸರನ್ನು ಬಳಸಲಿಲ್ಲ, ಕಾರ್ಡ್ ಸಂಖ್ಯೆಯನ್ನು ಬಳಸಿದೆ. ಒಬ್ಬರೇ ಒಂದು ಕಡೆ "ನಾರಾಯಣರಾವ್", ಇನ್ನೊಂದು ಕಡೆ "ನಾರಾಯಣ ರಾಯರು" ಆಗಿರುವ ಊರಿನಲ್ಲಿ ಹೆಸರಿನಿಂದ ಜೋಡಿಸುವವರ ಧೈರ್ಯ ದೊಡ್ಡದು.

ಒಬ್ಬರಿಗೆ ಒಂದೇ ಪತ್ರ, ಅದರಲ್ಲಿ ಬಾಕಿ ಶೀರ್ಷಿಕೆಗಳೆಲ್ಲ ಸಾಲಾಗಿ ಬರಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಗ್ರೂಪ್ ಕಾನ್‌ಕ್ಯಾಟ್ ಎಂಬ ಕ್ರಿಯೆ ಇದನ್ನು ಮಾಡುತ್ತದೆ. ಬೇಸ್‌ಗೆ ಅದು ಗೊತ್ತಿಲ್ಲ; ಅದು ನಾವು ಬರೆದ ಕ್ವೆರಿಯನ್ನು ತಾನು ಓದಿ ನೋಡಿಯೇ ಮುಂದೆ ಕಳಿಸುವ ಜಾತಿ. ಕ್ವೆರಿಯ ಕಿಟಕಿಯಲ್ಲಿರುವ ಎಸ್‌ಕ್ಯೂಎಲ್ ಗುಂಡಿ ಒತ್ತಿದರೆ ಓದದೆ ಹಾಗೆಯೇ ಸರ್ವರಿಗೆ ದಾಟಿಸುತ್ತದೆ. ಇದಕ್ಕೆ ಬೆಲೆಯೂ ಇದೆ: ನಡೆಸುವಾಗ "ಯಾವ ತಾರೀಖು?" ಎಂದು ಕೇಳುವ ಸೌಲಭ್ಯ ಆಗ ಕೆಲಸ ಮಾಡುವುದಿಲ್ಲ. ಗ್ರೂಪ್ ಕಾನ್‌ಕ್ಯಾಟ್‌ಗೆ ಮೈಎಸ್‌ಕ್ಯೂಎಲ್‌ನಲ್ಲಿ ಮೂಲತಃ 1024 ಬೈಟುಗಳ ಮಿತಿ. ಇಂಗ್ಲಿಷಿಗೆ ಅದು ಸಾವಿರ ಅಕ್ಷರ. ಕನ್ನಡದ ಪ್ರತಿ ಸಂಕೇತವೂ ಯುನಿಕೋಡನ್ನು ಉಳಿಸುವ ಯುಟಿಎಫ್-8 ಕ್ರಮದಲ್ಲಿ ಮೂರು ಬೈಟು ತಿನ್ನುತ್ತದೆ. ಸ್ವರ ಚಿಹ್ನೆ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಮುನ್ನೂರ ನಲವತ್ತು ಸಂಕೇತಗಳಾದ ಮೇಲೆ ಪಟ್ಟಿ ಸದ್ದಿಲ್ಲದೆ ತುಂಡಾಗುತ್ತದೆ. ಮನೆ ಮಂದಿಗೆಲ್ಲ ಒಂದೇ ಕಾರ್ಡಿನಲ್ಲಿ ಪುಸ್ತಕ ಒಯ್ಯುವ ಸದಸ್ಯರೊಬ್ಬರ ಪಟ್ಟಿ ಒಂದು ಶೀರ್ಷಿಕೆಯ ನಡುವೆಯೇ ನಿಂತಿತ್ತು. ಸರ್ವರಿನ ಸೆಟ್ಟಿಂಗಿನಲ್ಲಿ ಮಿತಿ ಹೆಚ್ಚಿಸಿದೆ.

ಉಳಿದದ್ದು ಸರಳ. ಬೇಸ್ ಕಡತವನ್ನು ನೋಂದಾಯಿಸಿದರೆ ಪತ್ರ ಬರೆಯುವ ಭಾಗವಾದ ರೈಟರ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಫ್4 ಒತ್ತಿದಾಗ ಕ್ವೆರಿ ಮೇಲೆ ಕಾಣುತ್ತದೆ. ಅಂಕಣಗಳ ತಲೆಯನ್ನು ಎಳೆದು ಪತ್ರದಲ್ಲಿ ಬೇಕಾದಲ್ಲಿ ಬಿಡುವುದು. ಅಚ್ಚಿಗೆ ಕೊಟ್ಟಾಗ ಎಲ್ಲರಿಗೂ ಒಂದೊಂದು ಪತ್ರ ಅಚ್ಚು ಮಾಡಲೇ ಎಂದು ಅದೇ ಕೇಳುತ್ತದೆ. ಪತ್ರದ ಒಕ್ಕಣೆಯನ್ನು ಮೇಷ್ಟ್ರೇ ಬರೆದರು. ದಾನಿಗಳ ಹೆಸರಿನ ಸಾಲು ದಪ್ಪಕ್ಷರದಲ್ಲಿರಲಿ ಎಂದು ಪಟ್ಟು ಹಿಡಿದರು, ಹಾಗೆಯೇ ಆಯಿತು.

ಮೊದಲ ಕಂತು ಅಚ್ಚಾಗುವಾಗ ಒಂದು ವಿಳಾಸ ತಪ್ಪಿದೆಯೆಂದು ಅವರು ಬೇಸ್‌ನ ಸಾಲಿನಲ್ಲಿಯೇ ತಿದ್ದಲು ಹೋದರು. ಅಕ್ಷರ ಮೂಡಲಿಲ್ಲ. "ಇದೇನಪ್ಪ, ಕೀಬೋರ್ಡ್ ಕೆಟ್ಟಿದೆಯೇ?" ಎಂದು ಕೇಳಿದರು. ಇಲ್ಲಿ ಓದುವುದಷ್ಟೇ, ತಿದ್ದುವುದಿದ್ದರೆ ಕೋಹಾದ ಪರದೆಯಲ್ಲಿ ಎಂದೆ. ಅಂದಿನಿಂದ ಗ್ರಂಥಪಾಲಕಿಯವರು ಪತ್ರ ಹಿಡಿದು ಬಂದ ಪ್ರತಿ ಸದಸ್ಯರ ವಿಳಾಸವನ್ನೂ ಕೇಳಿ ಕೋಹಾಕ್ಕೆ ತುಂಬುತ್ತಿದ್ದಾರೆ. ಕ್ವೆರಿಯನ್ನು ಕೋಹಾದಲ್ಲಿ ವಿಳಾಸವಿದ್ದರೆ ಅದನ್ನು, ಇಲ್ಲದಿದ್ದರೆ ಹಳೆಯದನ್ನು ತೆಗೆದುಕೊಳ್ಳುವಂತೆ ಬದಲಿಸಿಟ್ಟಿದ್ದೇನೆ. ಕೋಹಾ ನವೀಕರಣವಾದಾಗಲೆಲ್ಲ ಟೇಬಲ್‌ಗಳ ರಚನೆ ಬದಲಾಗಿದೆಯೇ ಎಂದು ನೋಡಬೇಕು, 17.05 ಆವೃತ್ತಿಯಲ್ಲಿ ಪುಸ್ತಕಗಳ ವಿವರ ಹಿಡಿದಿಡುವ ಮಾರ್ಕ್ ಎಂಬ ರೂಪದ ದಾಖಲೆಯನ್ನು ಹೊಸ ಟೇಬಲಿಗೆ ಸಾಗಿಸಿ ಹಲವರ ಹಳೆಯ ಕ್ವೆರಿಗಳನ್ನು ನಿಲ್ಲಿಸಿದ ಇತಿಹಾಸ ಅದಕ್ಕಿದೆ. ಆ ಕೆಲಸಕ್ಕಾಗಿ ಕ್ವೆರಿಯ ಪ್ರತಿಯೊಂದನ್ನು ಅಚ್ಚು ಮಾಡಿ, ಯಾವ ಅಂಕಣ ಎಲ್ಲಿಂದ ಬರುತ್ತದೆ ಎಂದು ಪಕ್ಕದಲ್ಲಿ ಬರೆದು, ಗ್ರಂಥಪಾಲಕಿಯವರ ಮೇಜಿನ ರಸೀದಿ ಪುಸ್ತಕದ ಜೊತೆಗೆ ಇಟ್ಟುಬಂದಿದ್ದೇನೆ.